ಎಡಗಾಲಿಗೊಂದು, ಬಲಗಾಲಿಗೊಂದು: ಚಳಿಯ ಸೈಕಲ್ ಸವಾರಿಯಲ್ಲಿ ಪಾದ ಬೆಚ್ಚಗಿಡುವ ದಾರಿಗಳ ಹೋಲಿಕೆ

ಚಳಿಯಲ್ಲಿ ಸೈಕಲ್ ತುಳಿಯುವವರಿಗೆಲ್ಲ ಆ ಗಳಿಗೆ ಪರಿಚಿತ. ತೊಡೆ ಬಿಸಿಯೇರಿದೆ, ಬೆನ್ನು ಬೆವರಿದೆ, ಉಸಿರು ಹದಕ್ಕೆ ಬಂದಿದೆ. ಆದರೆ ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿಲ್ಲ. ಮೊದಲು ಕಿರುಬೆರಳು ಚುಚ್ಚುತ್ತದೆ, ಆಮೇಲೆ ಹೆಬ್ಬೆರಳು ಉರಿಯುತ್ತದೆ, ಕೊನೆಗೆ ಎರಡೂ ಸುಮ್ಮನಾಗುತ್ತವೆ. ಆ ಸುಮ್ಮನಾಗುವಿಕೆಯೇ ನನ್ನನ್ನು ಹೆದರಿಸಿದ್ದು. ಒಂದು ಬೆಳಿಗ್ಗೆ ಮನೆಗೆ ಮರಳಿ ಶೂ ಬಿಚ್ಚಿದಾಗ ಬೆರಳುಗಳು ಮೇಣದಂತೆ ಬಿಳುಚಿಕೊಂಡಿದ್ದವು. ರಕ್ತ ಮತ್ತೆ ಹರಿಯತೊಡಗಿದಾಗ ನೋವು ತಾಳಲಾರದೆ ಗೋಡೆ ಹಿಡಿದು ನಿಂತೆ. ಸವಾರಿ ಬಿಡುವ ಮನಸ್ಸಿರಲಿಲ್ಲ, ಪಾದ ಕಳೆದುಕೊಳ್ಳುವ ಮನಸ್ಸೂ ಇರಲಿಲ್ಲ.

ಹಾಗಾಗಿ ಎರಡು ಚಳಿಗಾಲ ಒಂದೇ ಪ್ರಯೋಗದ ಬೆನ್ನು ಹತ್ತಿದೆ. ಎಡಗಾಲಿಗೆ ಒಂದು ಉಪಾಯ, ಬಲಗಾಲಿಗೆ ಅದರ ಎದುರಾಳಿ. ಒಂದೇ ದೇಹ, ಒಂದೇ ರಸ್ತೆ, ಒಂದೇ ಗಾಳಿ, ಒಂದೇ ವೇಗ. ಬೇರೆಯಿರುವುದು ಕಾಲಿಗೆ ತೊಟ್ಟದ್ದು ಮಾತ್ರ. ಬೇರೆ ಬೇರೆ ದಿನಗಳ ಅನುಭವವನ್ನು ಹೋಲಿಸಲು ಹೊರಟರೆ ನಿನ್ನೆಯ ಬಿಸಿಲು, ಇಂದಿನ ಮೋಡ, ಹಿಂದಿನ ರಾತ್ರಿ ನಿದ್ದೆ ಕೆಟ್ಟದ್ದು, ಎಲ್ಲವೂ ಸೇರಿ ಲೆಕ್ಕ ಕೆಡಿಸುತ್ತವೆ. ನನ್ನ ಬಲಗಾಲು ಮೊದಲಿನಿಂದಲೂ ತುಸು ಬೇಗ ತಣ್ಣಗಾಗುತ್ತದೆ. ಆದ್ದರಿಂದ ಮರುದಿನ ಅದೇ ಜೋಡಿಯನ್ನು ಅದಲು ಬದಲು ಮಾಡಿ ಮತ್ತೊಮ್ಮೆ ನೋಡುತ್ತಿದ್ದೆ. ಅಳತೆ ಸರಳ: ಹೊರಟ ಎಷ್ಟನೆಯ ನಿಮಿಷಕ್ಕೆ ಕಿರುಬೆರಳು ಅಲ್ಲಾಡಿಸಿದರೂ ಅಲ್ಲಾಡಿದ್ದು ಗೊತ್ತಾಗುವುದಿಲ್ಲವೋ ಅದನ್ನು ಬರೆದಿಡುವುದು, ಮನೆಗೆ ಬಂದಮೇಲೆ ಕಾಲುಚೀಲ ಎಷ್ಟು ಒದ್ದೆಯಾಗಿದೆ, ಬೆರಳಿನ ಬಣ್ಣ ಹೇಗಿದೆ ಎಂದು ನೋಡುವುದು. ದಾರಿ ಒಂದೂವರೆ ಗಂಟೆಯದು, ಬಹುಪಾಲು ಸಮತಟ್ಟು, ವೇಗ ಗಂಟೆಗೆ 25 ಕಿ.ಮೀ. ಆಸುಪಾಸು. ಜಾಲರಿ ಮೇಲ್ಭಾಗದ ಮಾಮೂಲಿ ಸೈಕಲ್ ಶೂ, ತೆಳು ಕಾಲುಚೀಲ, 3 ಡಿಗ್ರಿ ಸೆಲ್ಸಿಯಸ್ ಚಳಿ: 35ನೆಯ ನಿಮಿಷಕ್ಕೆ ಕಾಲು ಮರಗಟ್ಟುತ್ತಿತ್ತು. ಆ 35 ನಿಮಿಷವನ್ನು ಯಾವುದು ಎಷ್ಟು ದೂರ ಎಳೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋಲಿಕೆಗೆ ಮೊದಲು ಒಂದು ಮಾತು. ಓಡುವವರ ಕಾಲು ಇಷ್ಟು ತಣ್ಣಗಾಗುವುದಿಲ್ಲ, ಏಕೆಂದರೆ ಅವರ ಪಾದ ಹೆಜ್ಜೆ ಹೆಜ್ಜೆಗೂ ಬಾಗುತ್ತದೆ, ಒತ್ತುತ್ತದೆ, ರಕ್ತವನ್ನು ತಳ್ಳುತ್ತದೆ. ಪೆಡಲ್ ಮೇಲಿನ ಪಾದ ಹಲಗೆಯಂತೆ ಬಿಗಿದುಕೊಂಡಿರುತ್ತದೆ. ಕೆಲಸವೆಲ್ಲ ತೊಡೆ ಮತ್ತು ಪೃಷ್ಠದ ಸ್ನಾಯುಗಳದು. ಅದರ ಮೇಲೆ ಗಾಳಿ. 170 ಮಿ.ಮೀ. ಉದ್ದದ ಕ್ರ್ಯಾಂಕನ್ನು, ಅಂದರೆ ಪೆಡಲ್ ಹಿಡಿದಿರುವ ತೋಳನ್ನು, ನಿಮಿಷಕ್ಕೆ 80 ಸುತ್ತು ತಿರುಗಿಸಿದರೆ ಪಾದ ತನ್ನ ವೃತ್ತದಲ್ಲಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ಅಂದರೆ ಸೈಕಲ್ 25ರಲ್ಲಿ ಹೋಗುತ್ತಿದ್ದರೆ, ಪೆಡಲ್ ಮೇಲೆ ಬಂದಾಗಲೆಲ್ಲ ಬೆರಳಿನ ತುದಿಗೆ ಬಡಿಯುವ ಗಾಳಿ 30ರದು. 0 ಡಿಗ್ರಿಯಲ್ಲಿ 25 ಕಿ.ಮೀ. ವೇಗದ ಗಾಳಿ ತೆರೆದ ಚರ್ಮಕ್ಕೆ ಸುಮಾರು ಮೈನಸ್ 6 ಡಿಗ್ರಿಯಂತೆ ತಾಕುತ್ತದೆ. ಇನ್ನು ದೇಹದ ಸ್ವಭಾವ ಬೇರೆ ಇದೆ. ಮೈ ತಣ್ಣಗಾಗುವ ಸೂಚನೆ ಸಿಕ್ಕ ಕೂಡಲೇ ಅದು ಹೃದಯ, ಮಿದುಳುಗಳನ್ನು ಕಾಯಲೆಂದು ಕೈಕಾಲಿನ ತುದಿಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಕಾಲುಚೀಲ ಬಿಸಿಯನ್ನು ಹುಟ್ಟಿಸುವುದಿಲ್ಲ, ರಕ್ತ ತಂದ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ರಕ್ತವೇ ಬಾರದಿದ್ದರೆ ಹಿಡಿದಿಡಲು ಏನೂ ಇರುವುದಿಲ್ಲ. ನನ್ನ ಪ್ರಯೋಗಗಳಲ್ಲಿ ಸೋತವುಗಳಲ್ಲಿ ಅರ್ಧದಷ್ಟು ಸೋತದ್ದು ಈ ಒಂದೇ ಕಾರಣಕ್ಕೆ.

ದಪ್ಪ ಕಾಲುಚೀಲವೋ, ತೆಳು ಕಾಲುಚೀಲವೋ

ಮೊದಲ ಸ್ಪರ್ಧೆಯ ಫಲಿತಾಂಶ ನನಗೆ ಮೊದಲೇ ಗೊತ್ತಿದೆ ಎಂದುಕೊಂಡಿದ್ದೆ. ಎಡಗಾಲಿಗೆ ತೆಳು ಚೀಲದ ಮೇಲೊಂದು ದಪ್ಪ ಉಣ್ಣೆಯ ಚೀಲ, ಬಲಗಾಲಿಗೆ ಒಂದೇ ಒಂದು ತೆಳು ಮೆರಿನೊ ಉಣ್ಣೆಯ ಚೀಲ. ಶೂ ಬೇಸಿಗೆಯದೇ. 3 ಡಿಗ್ರಿ. ಎಡಗಾಲು 25ನೆಯ ನಿಮಿಷಕ್ಕೇ ಮರಗಟ್ಟಿತು, ಬಲಗಾಲು 40 ದಾಟಿತು. ನಂಬಲಾಗದೆ ಮರುದಿನ ಅದಲು ಬದಲು ಮಾಡಿದೆ. ಮತ್ತೆ ದಪ್ಪ ಚೀಲದ ಕಾಲೇ ಮೊದಲು ಸೋತಿತು.

ಶೂ ಬಿಚ್ಚಿದಾಗ ಕಾರಣ ಚರ್ಮದ ಮೇಲೇ ಅಚ್ಚೊತ್ತಿತ್ತು: ಚೀಲದ ನೇಯ್ಗೆಯ ಗೆರೆಗಳು, ಪಟ್ಟಿಯ ಗುರುತು. ದಪ್ಪ ಉಣ್ಣೆಗೆ ಜಾಗ ಸಾಲದೆ ಅದು ಅಪ್ಪಚ್ಚಿಯಾಗಿತ್ತು. ಉಣ್ಣೆಯ ಬಲ ಅದರ ಎಳೆಗಳಲ್ಲಿಲ್ಲ, ಎಳೆಗಳ ನಡುವೆ ಕದಲದೆ ನಿಂತ ಗಾಳಿಯಲ್ಲಿದೆ. ಒತ್ತಿದರೆ ಗಾಳಿ ಹೋಯಿತು. ಸಾಲದ್ದಕ್ಕೆ ಬಿಗಿದ ಶೂ ಪಾದದ ಮೇಲ್ಭಾಗದ ರಕ್ತನಾಳಗಳನ್ನೂ ಒತ್ತಿತ್ತು. ಪಾದದ ಮೇಲೆ ಬೆರಳಿಟ್ಟರೆ ನಾಡಿ ಬಡಿಯುವ ಜಾಗವೊಂದಿದೆ. ಸೈಕಲ್ ಶೂಗಳ ಪಟ್ಟಿ ಹೆಚ್ಚುಕಡಿಮೆ ಅದರ ಮೇಲೆಯೇ ಕೂರುತ್ತದೆ.

ಆಮೇಲೆ ಒಂದು ಅಳತೆ ದೊಡ್ಡದಾದ ಹಳೆಯ ಶೂ ಜೋಡಿಯೊಂದನ್ನು ಸಂಪಾದಿಸಿ ಅದೇ ಸ್ಪರ್ಧೆಯನ್ನು ಮತ್ತೆ ನಡೆಸಿದೆ. ಈ ಬಾರಿ ಚಿತ್ರವೇ ತಿರುಗಿತು. ತೆಳು ಚೀಲ 42 ನಿಮಿಷ, ಒಂದೇ ಒಂದು ದಪ್ಪ ಉಣ್ಣೆ ಚೀಲ 65 ನಿಮಿಷ. ಆ ದಪ್ಪ ಚೀಲದೊಳಗೆ ಬೆರಳುಗಳನ್ನು ಪಿಯಾನೊ ನುಡಿಸುವಂತೆ ಒಂದೊಂದಾಗಿ ಆಡಿಸಬಹುದಾಗಿತ್ತು. ಇಡೀ ಎರಡು ಚಳಿಗಾಲದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದು ಬೇರೊಂದಿಲ್ಲ, ಆದ್ದರಿಂದ ಒತ್ತಿ ಹೇಳುತ್ತೇನೆ: ಶೂ ಒಳಗೆ ಬೆರಳಾಡಲು ಜಾಗವಿಲ್ಲದಿದ್ದರೆ ಎರಡನೆಯ ಕಾಲುಚೀಲ ತೊಡಲೇಬೇಡಿ. ಅದು ನಿಮ್ಮನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಬಿಗಿ ಅನ್ನಿಸಿದರೆ ಮೊದಲು ಒಳ ಅಟ್ಟೆ ತೆಳುವಾಗಿಸಿ, ಪಟ್ಟಿ ಒಂದು ಹಂತ ಸಡಿಲಿಸಿ.

ಹತ್ತಿಯ ಚೀಲದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಒಮ್ಮೆ ಹತ್ತಿ ಮತ್ತು ಮೆರಿನೊ ಜೋಡಿಯನ್ನು ಹೋಲಿಸಿದೆ. ಒಂದು ಗಂಟೆಯಾದಮೇಲೆ ಹತ್ತಿಯದು ಹಿಂಡುವಷ್ಟಲ್ಲದಿದ್ದರೂ ಚರ್ಮಕ್ಕೆ ಅಂಟಿಕೊಂಡು ತಣ್ಣಗಿತ್ತು. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮೇಲ್ಮೈ ಒದ್ದೆ ಅನ್ನಿಸುವುದಿಲ್ಲ. ನೀರು ನಿಂತ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿಯನ್ನು ಸಾಗಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು, ಹತ್ತಿಯನ್ನು ಬೇಸಿಗೆಗೆ ಎತ್ತಿಡುತ್ತೀರಿ.

ಪ್ಲಾಸ್ಟಿಕ್ ಚೀಲ: ಹೊರಗೋ, ಒಳಗೋ

ಸೈಕಲ್ ಸವಾರರ ಅತ್ಯಂತ ಹಳೆಯ ಉಪಾಯ ಇದು, ದುಡ್ಡು ಬೇಡದ ಉಪಾಯ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಪಾದ ತೂರಿಸಿ ಶೂ ಹಾಕಿಕೊಳ್ಳುವುದು. ಆದರೆ ಅದನ್ನು ಎಲ್ಲಿ ಹಾಕಬೇಕು ಎಂಬುದರಲ್ಲಿ ಎರಡು ಪಂಗಡಗಳಿವೆ. ಎಡಗಾಲಿಗೆ ಉಣ್ಣೆಯ ಚೀಲದ ಮೇಲೆ ಪ್ಲಾಸ್ಟಿಕ್ ಹಾಕಿದೆ. ಬಲಗಾಲಿಗೆ ಮೊದಲು ಅತಿ ತೆಳು ಚೀಲ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಉಣ್ಣೆ.

ಮೊದಲ ಅರ್ಧ ಗಂಟೆ ಎರಡೂ ಒಂದೇ, ಮತ್ತು ಎರಡೂ ಬರಿಯ ಉಣ್ಣೆಗಿಂತ ಮೇಲು. ಜಾಲರಿ ಶೂ ಒಳಗೆ ಗಾಳಿ ನುಗ್ಗುವುದನ್ನು ಪ್ಲಾಸ್ಟಿಕ್ ತಡೆಯುತ್ತದೆ. ವ್ಯತ್ಯಾಸ ಕಂಡದ್ದು ಗಂಟೆ ಕಳೆದಮೇಲೆ. ಹೊರಗೆ ಪ್ಲಾಸ್ಟಿಕ್ ಇದ್ದ ಕಾಲಿನಲ್ಲಿ ಬೆವರು ಆವಿಯಾಗಿ ಹೊರಟು, ತಣ್ಣನೆಯ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗಿ, ಉಣ್ಣೆಗೇ ಮರಳಿತ್ತು. 70ನೆಯ ನಿಮಿಷಕ್ಕೆ ಆ ಕಾಲು ಒದ್ದೆಯಾಗಿ ತಣ್ಣಗಾಯಿತು. ಒಳಗೆ ಪ್ಲಾಸ್ಟಿಕ್ ಇದ್ದ ಕಾಲಿನಲ್ಲಿ ಚರ್ಮ ತೇವವಾಗಿದ್ದರೂ ಉಣ್ಣೆ ಒಣಗಿತ್ತು, ಬೆಚ್ಚಗೂ ಇತ್ತು. ತೀರ ಚಳಿಯ ನಾಡುಗಳಲ್ಲಿ ಪರ್ವತಾರೋಹಿಗಳು ಬಳಸುವ ಆವಿ ತಡೆಯುವ ಕಾಲುಚೀಲದ ತತ್ವವೂ ಇದೇ. ಎರಡು ಗಂಟೆ ಮೀರಿದರೆ ಮಾತ್ರ ಚರ್ಮ ನೆನೆದು ಬಿಳಿಚಿ ಸುಕ್ಕಾಗುತ್ತದೆ, ಉಜ್ಜಿದಲ್ಲಿ ಗಾಯವಾಗುತ್ತದೆ. ನಾನು ಇಂದಿಗೂ ಒಂದು ಜೋಡಿ ಪ್ಲಾಸ್ಟಿಕ್ ಚೀಲ ಮಡಚಿ ಸೀಟಿನ ಕೆಳಗಿನ ಪುಟ್ಟ ಬ್ಯಾಗಿನಲ್ಲಿ ಇಟ್ಟಿರುತ್ತೇನೆ. ದಾರಿಯ ಮಧ್ಯೆ ಮಳೆ ಬಂದರೆ ಅದಕ್ಕಿಂತ ಹತ್ತಿರದ ನೆಂಟ ಬೇರಿಲ್ಲ. ದಿನನಿತ್ಯದ ಉತ್ತರ ಮಾತ್ರ ಅಲ್ಲ.

ಬೆರಳ ಮುಸುಕು, ಪೂರ್ತಿ ಹೊದಿಕೆ

ಶೂ ಮೇಲೆ ತೊಡುವ ಹೊದಿಕೆಗಳಲ್ಲಿ ಎರಡು ಅಳತೆ, ಎರಡು ಬಟ್ಟೆ. ಅರ್ಧ ಪಾದ ಮುಚ್ಚುವ ಬೆರಳ ಮುಸುಕು ಮತ್ತು ಕಣಕಾಲಿನವರೆಗೆ ಏರುವ ಪೂರ್ತಿ ಹೊದಿಕೆ. ಬಟ್ಟೆಯಲ್ಲಿ ಗಾಳಿ ತಡೆಯುವ ತೆಳು ಪೊರೆಯದ್ದು ಮತ್ತು ದಪ್ಪ ನಿಯೋಪ್ರೀನ್. ನಾಲ್ಕನ್ನೂ ಒಂದರ ಎದುರು ಒಂದು ನಿಲ್ಲಿಸಿ ನೋಡಿದೆ.

8ರಿಂದ 10 ಡಿಗ್ರಿಯ ಬೆಳಿಗ್ಗೆಗಳಲ್ಲಿ ಬೆರಳ ಮುಸುಕಿಗೂ ಪೂರ್ತಿ ಹೊದಿಕೆಗೂ ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ಮುಸುಕು ತೊಡುವುದು ಸುಲಭ, ಬಿಸಿಲೇರಿದರೆ ಕಿತ್ತು ಜೇಬಿಗೆ ಹಾಕಬಹುದು. ಆ ಹವೆಗೆ ನನ್ನ ಮತ ಅದಕ್ಕೇ. 5 ಡಿಗ್ರಿಯ ಕೆಳಗೆ ಮುಸುಕು ಸೋಲತೊಡಗುತ್ತದೆ, ಅದೂ ನಾನು ಎಣಿಸದ ಕಡೆಯಿಂದ: ಬೆರಳಿಗೆ ಗಾಳಿ ತಾಗುತ್ತಿರಲಿಲ್ಲ, ಆದರೂ ಬೆರಳೇ ಮೊದಲು ತಣ್ಣಗಾಗುತ್ತಿತ್ತು. ಕಣಕಾಲಿನ ಹತ್ತಿರ ರಕ್ತನಾಳಗಳು ಚರ್ಮಕ್ಕೆ ತೀರ ಹತ್ತಿರದಲ್ಲಿ ಹಾಯುತ್ತವೆ, ಅಲ್ಲಿ ಕೊಬ್ಬಿನ ಪದರವೂ ತೆಳು. ಅಲ್ಲಿ ಗಾಳಿ ಬಡಿದರೆ ಬೆರಳಿಗೆ ತಲುಪುವ ರಕ್ತ ಮೊದಲೇ ತಣಿದಿರುತ್ತದೆ. ಇದು ಊಹೆಯೋ ನಿಜವೋ ಎಂದು ಬೇರೆಯಾಗಿಯೇ ನೋಡಿದೆ. ಎರಡೂ ಪಾದಕ್ಕೆ ಒಂದೇ ಮುಸುಕು, ಎಡಗಾಲಿಗೆ ಮಾತ್ರ ಹಳೆಯ ಉಣ್ಣೆ ಚೀಲದ ಪಾದ ಕತ್ತರಿಸಿ ತೆಗೆದು ಉಳಿದ ಕೊಳವೆಯನ್ನು ಕಣಕಾಲಿಗೆ ಏರಿಸಿದೆ. 2 ಡಿಗ್ರಿಯಲ್ಲಿ ಎಡಗಾಲು ಹದಿನೈದು ನಿಮಿಷ ಹೆಚ್ಚು ಬಾಳಿತು. ಬೆರಳಿಗೆ ಒಂದೆಳೆ ನೂಲನ್ನೂ ಸೇರಿಸದೆ ಬೆರಳು ಬೆಚ್ಚಗಾದದ್ದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ.

ಬಟ್ಟೆಯ ಸ್ಪರ್ಧೆ ಹವೆಯನ್ನು ಅವಲಂಬಿಸಿದೆ. ನಿಯೋಪ್ರೀನ್ ಎಂದರೆ ಮುಳುಗುಗಾರರ ಉಡುಪಿನ ಅದೇ ರಬ್ಬರು. ಒಳಗೆ ಒಂದಕ್ಕೊಂದು ಸಂಪರ್ಕವಿಲ್ಲದ ಸಾವಿರಾರು ಪುಟ್ಟ ಅನಿಲದ ಗುಳ್ಳೆಗಳು. ಒದ್ದೆಯಾದರೂ ಆ ಗುಳ್ಳೆಗಳಿಗೆ ನೀರು ಸೇರುವುದಿಲ್ಲ, ಆದ್ದರಿಂದ ಬಿಸಿ ಉಳಿಯುತ್ತದೆ. 4 ಡಿಗ್ರಿಯ ಮಳೆಯಲ್ಲಿ ನಿಯೋಪ್ರೀನ್ ಕಾಲು ಒಂದೂವರೆ ಗಂಟೆ ಪೂರ್ತಿ ತಡೆಯಿತು, ಪೊರೆಯ ಬಟ್ಟೆಯ ಕಾಲು 50 ನಿಮಿಷಕ್ಕೆ ಕೈಬಿಟ್ಟಿತು. ಒಣ ಚಳಿಯಲ್ಲಿ ಈ ಅಂತರ ಬಹಳ ಕಡಿಮೆಯಾಯಿತು. ನಿಯೋಪ್ರೀನ್ ಒಳಗೆ ಬೆವರು ನಿಂತರೆ ಪೊರೆಯ ಬಟ್ಟೆ ಅದನ್ನು ಸ್ವಲ್ಪವಾದರೂ ಹೊರಬಿಡುತ್ತಿತ್ತು. ದಿನಕ್ಕೆ ಒಂದು ಗಂಟೆಯೊಳಗೆ ಮುಗಿಸುವವರಿಗೆ ನಿಯೋಪ್ರೀನ್, ಒಣ ಹವೆಯಲ್ಲಿ ಮೂರು ಗಂಟೆ ತುಳಿಯುವವರಿಗೆ ಪೊರೆಯ ಬಟ್ಟೆ.

ಯಾವ ಹೊದಿಕೆಯೂ ನಿಜವಾಗಿ ನೀರು ತಡೆಯುವುದಿಲ್ಲ. ಕೆಳಗೆ ಕ್ಲೀಟಿಗೆಂದು, ಅಂದರೆ ಶೂವನ್ನು ಪೆಡಲಿಗೆ ಸಿಕ್ಕಿಸುವ ಅಟ್ಟೆಯಡಿಯ ತುಂಡಿಗೆಂದು, ತೂತು ಇರಲೇಬೇಕು, ಮೇಲೆ ಕಾಲು ಹೊಗಲು ಬಾಯಿ ಇರಲೇಬೇಕು. ಮೇಲಿನ ಬಾಯಿಗೆ ಮಾತ್ರ ಒಂದು ಪರಿಹಾರ ಇದೆ. ಬಿಗಿ ಪ್ಯಾಂಟಿನ ತುದಿಯನ್ನು ಹೊದಿಕೆಯ ಒಳಗೆ ತುರುಕದೆ ಹೊರಗೆ, ಅದರ ಮೇಲೆ ಎಳೆದು ಬಿಡಬೇಕು. ಒಳಗೆ ತುರುಕಿದರೆ ಮೀನಖಂಡದ ಮೇಲೆ ಹರಿದು ಬಂದ ನೀರೆಲ್ಲ ಶೂಗೇ ಇಳಿಯುತ್ತದೆ, ಹೊರಗಿದ್ದರೆ ಹೊದಿಕೆಯ ಮೇಲೆ ಜಾರಿ ಹೋಗುತ್ತದೆ.

ಅಟ್ಟೆಯ ಕೆಳಗಿನ ಲೋಹ

ಮೇಲೆ ಎಷ್ಟು ಹೊದಿಸಿದರೂ ಪಾದದ ಮುಂಭಾಗದಲ್ಲಿ, ಸರಿಯಾಗಿ ಕ್ಲೀಟ್ ಕೂರುವಲ್ಲಿ, ಒಂದು ತಣ್ಣನೆಯ ನಾಣ್ಯ ಇಟ್ಟಂತೆ ಅನ್ನಿಸುತ್ತಿತ್ತು. ಎರಡು ಬೋಲ್ಟಿನ ಎಸ್‌ಪಿಡಿ ಬಗೆಯ ಕ್ಲೀಟು ಉಕ್ಕಿನ ತುಂಡು. ಅದನ್ನು ಹಿಡಿದಿರುವ ಬೋಲ್ಟುಗಳು ಅಟ್ಟೆಯನ್ನು ದಾಟಿ ಒಳಗಿನ ಲೋಹದ ಪಟ್ಟಿಗೆ ಸೇರುತ್ತವೆ. ಆ ಪಟ್ಟಿಗೂ ಚರ್ಮಕ್ಕೂ ನಡುವೆ ಇರುವುದು ತೆಳು ಒಳ ಅಟ್ಟೆ ಮತ್ತು ಕಾಲುಚೀಲ ಮಾತ್ರ. ಉಕ್ಕು ನಿಂತ ಗಾಳಿಗಿಂತ ನೂರಾರು ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟಿನಲ್ಲಿ ಈ ತೊಂದರೆ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬೋಲ್ಟು ಅಲ್ಲಿಯೂ ಲೋಹದ್ದೇ.

ಇಲ್ಲಿ ಎರಡು ಎದುರಾಳಿಗಳು. ಎಡಗಾಲಿಗೆ ಒಳ ಅಟ್ಟೆಯ ಕೆಳಗೆ ಅಲ್ಯುಮಿನಿಯಂ ಹಾಳೆ, ಹೊಳೆಯುವ ಬದಿ ಮೇಲೆ. ಬಲಗಾಲಿಗೆ 4 ಮಿ.ಮೀ. ದಪ್ಪದ ಉಣ್ಣೆಯ ಫೆಲ್ಟ್ ಅಟ್ಟೆ, ಪಾದದ ಗುರುತು ಬರೆದು ಕತ್ತರಿಸಿದ್ದು. ಹಾಳೆ ಬಿಸಿಯನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ ಎಂದು ಹಲವರು ನನಗೆ ಹೇಳಿದ್ದರು. ಹಿಂದಿರುಗಿಸುತ್ತದೆ, ಆದರೆ ಎದುರಿಗೆ ಖಾಲಿ ಜಾಗವಿದ್ದಾಗ. ಮೇಲಿಂದ ಕಾಲು ಒತ್ತಿ, ಕೆಳಗಿಂದ ಅಟ್ಟೆ ತಾಗಿ, ಹಾಳೆ ನಡುವೆ ಸಿಕ್ಕಿಕೊಂಡರೆ ಅದು ಲೋಹವಾಗಿಯೇ ನಡೆದುಕೊಳ್ಳುತ್ತದೆ. ಹಾಳೆ ಹಾಕಿದ ಕಾಲಿಗೂ ಏನೂ ಹಾಕದ ಕಾಲಿಗೂ ನಾನು ವ್ಯತ್ಯಾಸ ಕಾಣಲಿಲ್ಲ. ಒಂದು ವಾರದಲ್ಲಿ ಅದು ಹರಿದು ಚೂರಾಯಿತು. ಫೆಲ್ಟ್ ಹತ್ತು ಹನ್ನೆರಡು ನಿಮಿಷ ಗಳಿಸಿಕೊಟ್ಟಿತು, ಮುಖ್ಯವಾಗಿ ಆ ತಣ್ಣನೆಯ ನಾಣ್ಯ ಮಾಯವಾಯಿತು. ಆದರೆ ಅದೂ ಜಾಗ ಕೇಳುತ್ತದೆ. ಬೇಸಿಗೆಯ ಬಿಗಿ ಶೂ ಒಳಗೆ ಇದೇ ಫೆಲ್ಟನ್ನು ತುರುಕಿದಾಗ ಗಳಿಸಿದ್ದೆಲ್ಲ ಕಳೆದುಹೋಯಿತು.

ಇದರ ಜೊತೆಗೆ ಮಾಡಬೇಕಾದ ಚಿಕ್ಕ ಕೆಲಸವೊಂದಿದೆ. ಶೂ ತಿರುಗಿಸಿ ಅಟ್ಟೆಯನ್ನು ನೋಡಿ. ಬೇಸಿಗೆ ಶೂಗಳಲ್ಲಿ ಬೆರಳಿನ ಕೆಳಗೆ ಗಾಳಿಗೆಂದೇ ತೂತುಗಳಿರುತ್ತವೆ. ಒಳಗಿನಿಂದ ಅಂಟುಪಟ್ಟಿ ಹಚ್ಚಿ ಮುಚ್ಚಿ. ಐದು ನಿಮಿಷದ ಕೆಲಸ, ಚಳಿಗಾಲ ಪೂರ್ತಿ ಉಪಕಾರ.

ಬೂಟು: ಕ್ಲೀಟಿನದೋ, ಚಪ್ಪಟೆ ಪೆಡಲಿನದೋ

ಇಲ್ಲಿ ಎಡ ಬಲ ಪ್ರಯೋಗ ಸಾಧ್ಯವಾಗಲಿಲ್ಲ. ಎರಡು ಅಟ್ಟೆಗಳ ದಪ್ಪ ಬೇರೆ, ಸೀಟಿನ ಎತ್ತರ ಒಂದೇ. ಸೊಂಟ ವಾಲುತ್ತದೆ, ಮಂಡಿಗೆ ಕೆಟ್ಟದ್ದು. ಆದ್ದರಿಂದ ಸೀಟಿನ ಎತ್ತರ ಸರಿಪಡಿಸಿಕೊಳ್ಳುತ್ತ ದಿನ ಬಿಟ್ಟು ದಿನ ಬದಲಾಯಿಸಿದೆ, ಮೈನಸ್ 2ರಿಂದ ಮೈನಸ್ 6ರವರೆಗಿನ ದಿನಗಳಲ್ಲಿ.

ಚಳಿಗಾಲಕ್ಕೆಂದೇ ಮಾಡಿದ ಸೈಕಲ್ ಬೂಟಿನಲ್ಲಿ ಕಣಕಾಲು ಮುಚ್ಚುವ ಕತ್ತು, ಒಳಗೆ ನೀರು ತಡೆದು ಆವಿ ಬಿಡುವ ಪೊರೆ, ಶಾಖ ಹಿಡಿಯುವ ಪದರ ಇರುತ್ತವೆ. ಗಾಳಿಯ ತೂತುಗಳಿಲ್ಲ. ಹೊದಿಕೆ ಎಳೆದುಕೊಳ್ಳುವ ಗುದ್ದಾಟವಿಲ್ಲ, ಜಿಪ್ ಕಿತ್ತುಹೋಗುವುದಿಲ್ಲ, ನಿಂತಲ್ಲಿ ನಡೆದರೆ ಹೊದಿಕೆಯ ಅಡಿ ಸವೆಯುವ ಚಿಂತೆಯಿಲ್ಲ. ಮೈನಸ್ 3ರಲ್ಲಿ ದಪ್ಪ ಉಣ್ಣೆ ಚೀಲದೊಂದಿಗೆ ನನ್ನ ಒಂದೂವರೆ ಗಂಟೆಯ ದಾರಿ ಬೆರಳಿನ ಅರಿವು ತಪ್ಪದೆ ಮುಗಿಯಿತು. ತುಳಿತದ ಹಿಡಿತ ಬೇಸಿಗೆಯದೇ.

ಇನ್ನೊಂದು ಕಡೆ ನಿಂತದ್ದು ಮಾಮೂಲಿ ಚಳಿಗಾಲದ ನಡಿಗೆ ಬೂಟು, ಪ್ಲಾಸ್ಟಿಕ್ ಮೈಯ ಅಗಲವಾದ ಚಪ್ಪಟೆ ಪೆಡಲು. ಕ್ಲೀಟಿಲ್ಲ, ಅಂದರೆ ಲೋಹದ ಸೇತುವೆಯೇ ಇಲ್ಲ. ದಪ್ಪ ರಬ್ಬರ್ ಅಟ್ಟೆ. ಬೆರಳಿಗೆ ಕೋಣೆಯಷ್ಟು ಜಾಗ. ಪಾದವನ್ನು ಪೆಡಲಿನ ಮೇಲೆ ಹಿಂದೆ ಮುಂದೆ ಸರಿಸಬಹುದು, ಒಮ್ಮೆ ಮಧ್ಯಪಾದದಿಂದ, ಒಮ್ಮೆ ಮುಂಪಾದದಿಂದ ತುಳಿಯಬಹುದು; ಈ ಸಣ್ಣ ಬದಲಾವಣೆಯೇ ರಕ್ತವನ್ನು ಓಡಿಸುತ್ತದೆ. ಮೈನಸ್ 6ರಲ್ಲಿ ಇದರ ಕಾಲು ಬೆಚ್ಚಗೇ ಇತ್ತು, ಸೈಕಲ್ ಬೂಟಿನ ಕಾಲು ಗಂಟೆ ದಾಟಿದ ಮೇಲೆ ಚುಚ್ಚತೊಡಗಿತ್ತು. ಬಿಸಿಯೊಂದನ್ನೇ ನೋಡಿದರೆ ಚಪ್ಪಟೆ ಪೆಡಲು ಗೆದ್ದಿತು, ಅದೂ ದೊಡ್ಡ ಅಂತರದಿಂದ.

ಕಳೆದುಕೊಂಡದ್ದೂ ಇದೆ. ಉಬ್ಬುತಗ್ಗಿನ ರಸ್ತೆಯಲ್ಲಿ ಪಾದ ಪೆಡಲಿನಿಂದ ಹಾರುತ್ತದೆ. ವೇಗವಾಗಿ ತುಳಿಯುವಾಗ ಮನಸ್ಸು ಕಾಲಿನ ಮೇಲೇ ಇರಬೇಕು. ಅಗಲ ಬೂಟಿನ ಹಿಮ್ಮಡಿ ಕ್ರ್ಯಾಂಕಿಗೆ ಉಜ್ಜುತ್ತದೆ. ಅಟ್ಟೆ ಒಂದು ಸೆಂಟಿಮೀಟರ್ ದಪ್ಪವಾದರೆ ಸೀಟನ್ನೂ ಅಷ್ಟೇ ಏರಿಸಬೇಕು. ನಾನು ಮೊದಲ ವಾರ ಏರಿಸದೆ ಮಂಡಿನೋವು ತಂದುಕೊಂಡೆ. ಆದರೂ ಕೆಲಸಕ್ಕೆ ಹೋಗಿ ಬರಲು ಸೈಕಲ್ ಬಳಸುವವರಿಗೆ, ನಡುನಡುವೆ ಇಳಿದು ನಡೆಯಬೇಕಾದವರಿಗೆ, ಹಿಮ ಬಿದ್ದ ರಸ್ತೆಯಲ್ಲಿ ಥಟ್ಟನೆ ಕಾಲೂರಬೇಕಾದವರಿಗೆ ನಾನು ಎರಡನೆಯ ಯೋಚನೆಯಿಲ್ಲದೆ ಹೇಳುವುದು ಇದನ್ನೇ. ಕ್ಲೀಟಿನ ಬೂಟು ವೇಗದ ಹಂಬಲ ಬಿಡಲಾರದವರಿಗೆ, ಲಾಂಗ್ ರೈಡ್ ಮಾಡುವವರಿಗೆ. ಅದನ್ನು ಕೊಳ್ಳುವುದಾದರೆ ದಪ್ಪ ಕಾಲುಚೀಲ ತೊಟ್ಟೇ ಹಾಕಿ ನೋಡಿ, ಸಂಜೆ ಹೊತ್ತು ನೋಡಿ, ಏಕೆಂದರೆ ದಿನವೆಲ್ಲ ಓಡಾಡಿದ ಪಾದ ಆಗ ತುಸು ಊದಿರುತ್ತದೆ.

ಬಿಸಿಯ ಪೊಟ್ಟಣ ಮತ್ತು ಬ್ಯಾಟರಿ ಕಾಲುಚೀಲ

ಪೊಟ್ಟಣದೊಳಗೆ ಇರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ತುಸು ನೀರು. ಗಾಳಿ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿಯುವಾಗ ಬಿಸಿ ಹುಟ್ಟುತ್ತದೆ. ನಾನು ಮೊದಲು ಕೈಗೆಂದು ಮಾಡಿದ ಪೊಟ್ಟಣವನ್ನು ಶೂ ಒಳಗಿಟ್ಟು, ನಿಯೋಪ್ರೀನ್ ಹೊದಿಕೆ ಬಿಗಿದು ಹೊರಟೆ. ಇಪ್ಪತ್ತು ನಿಮಿಷಕ್ಕೆ ಆರಿತು. ಆಮ್ಲಜನಕ ಸಿಗದೆ ಉಸಿರುಕಟ್ಟಿತ್ತು. ಮನೆಗೆ ಬಂದು ಹೊರತೆಗೆದಾಗ ಮತ್ತೆ ಬಿಸಿಯಾಯಿತು. ಕಾಲಿಗೆಂದೇ ಮಾಡಿದವು ಕಡಿಮೆ ಗಾಳಿಯಲ್ಲೂ ಕೆಲಸ ಮಾಡುವಂತಿರುತ್ತವೆ, ಅವನ್ನೇ ಬಳಸಬೇಕು. ಅವನ್ನು ಬೆರಳಿನ ಕೆಳಗಿಡುವುದಕ್ಕಿಂತ ಮೇಲೆ, ಕಾಲುಚೀಲದ ಹೊರಗೆ ಅಂಟಿಸಿದಾಗ ಚೆನ್ನಾಗಿ ನಡೆದವು: ಕೆಳಗಿಟ್ಟದ್ದು ಗಟ್ಟಿಯಾಗಿ ಕಲ್ಲಿನಂತೆ ಒತ್ತುತ್ತಿತ್ತು. ಹೊರಡುವ ಹತ್ತು ನಿಮಿಷ ಮೊದಲೇ ತೆರೆದು ಗಾಳಿಗೆ ಹಿಡಿದರೆ ಬೇಗ ಕಾವೇರುತ್ತವೆ. ಒಮ್ಮೆ ಬಳಸಿ ಎಸೆಯುವ ವಸ್ತುವನ್ನು ದಿನಾ ಬಳಸಲು ನನಗೆ ಮನಸ್ಸು ಬರಲಿಲ್ಲ.

ಬ್ಯಾಟರಿಯ ಕಾಲುಚೀಲ ಒಂದೇ ಹದದ ಬಿಸಿ ಕೊಡುತ್ತದೆ, ಗುಂಡಿ ಒತ್ತಿ ಹೆಚ್ಚು ಕಡಿಮೆ ಮಾಡಬಹುದು. ಮೈನಸ್ 5ರಲ್ಲಿ ಒಂದು ಕಾಲಿಗೆ ಪೊಟ್ಟಣ, ಇನ್ನೊಂದಕ್ಕೆ ಬ್ಯಾಟರಿ ಚೀಲ ತೊಟ್ಟೆ: ಬ್ಯಾಟರಿಯದೇ ಮೇಲು, ಅನುಮಾನವಿಲ್ಲ. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಬೇಗ ಸೊರಗುತ್ತದೆ, ಆದ್ದರಿಂದ ಅದನ್ನು ಪ್ಯಾಂಟಿನ ಒಳಗೆ ಮೀನಖಂಡಕ್ಕೆ ಒತ್ತಿ ಇಡಬೇಕು. ಪೂರ್ತಿ ಹೊತ್ತು ಗರಿಷ್ಠ ಬಿಸಿಯಲ್ಲಿ ಇಡದೆ, ಮೊದಲಿನಿಂದಲೇ ಕನಿಷ್ಠದಲ್ಲಿ ಓಡಿಸಿದರೆ ಒಳ್ಳೆಯದು. ತಣಿದ ಪಾದವನ್ನು ಮತ್ತೆ ಕಾಯಿಸುವುದಕ್ಕಿಂತ ಬೆಚ್ಚಗಿರುವುದನ್ನು ಹಾಗೇ ಉಳಿಸುವುದು ಸುಲಭ. ಚಳಿಗೆ ಬೆರಳು ಬಿಳಿಚಿಕೊಳ್ಳುವ ರೇನಾಡ್ ತೊಂದರೆ ಇರುವವರಿಗೆ ಇದು ದೊಡ್ಡ ನೆಮ್ಮದಿ. ಮಧುಮೇಹದಿಂದಲೋ ಬೇರೆ ಕಾರಣದಿಂದಲೋ ಪಾದದ ಸ್ಪರ್ಶಜ್ಞಾನ ಕುಂದಿದವರು ಮಾತ್ರ ಇವೆರಡನ್ನೂ ವೈದ್ಯರನ್ನು ಕೇಳದೆ ತೊಡಬಾರದು. ಸುಡುತ್ತಿರುವುದು ಅವರಿಗೆ ತಿಳಿಯುವುದೇ ಇಲ್ಲ.

ಪಾದಕ್ಕೆ ಸಂಬಂಧಿಸದ ಎರಡು ಸಂಗತಿಗಳು

ಮುಂದಿನ ಚಕ್ರ ಒದ್ದೆ ರಸ್ತೆಯ ನೀರನ್ನು ಎತ್ತಿ ಎಸೆಯುವುದು ನೇರ ಬೆರಳುಗಳ ಮೇಲೆ. ಮುಂದಿನ ಮಡ್‌ಗಾರ್ಡಿನ ತುದಿಗೆ ರಬ್ಬರಿನ ಹಾಳೆಯೊಂದನ್ನು ನೆಲಕ್ಕೆ ಒಂದು ಗೇಣು ಉಳಿಯುವಂತೆ ಇಳಿಬಿಟ್ಟೆ. ಮಳೆ ನಿಂತು ರಸ್ತೆ ಮಾತ್ರ ಒದ್ದೆಯಿದ್ದ ದಿನ, ಹೊದಿಕೆಯಿಲ್ಲದ ಶೂ ಕೂಡ ಒಣಗಿಯೇ ಮನೆ ಸೇರಿತು. ದುಬಾರಿ ಹೊದಿಕೆ ಕೊಳ್ಳುವ ಮೊದಲು ಆ ರಬ್ಬರ್ ಹಾಳೆ ಕಟ್ಟಿ ಎಂದು ಗೆಳೆಯರಿಗೆಲ್ಲ ಕೈಮುಗಿದು ಹೇಳುತ್ತಿರುತ್ತೇನೆ.

ಎರಡನೆಯದು ಮೈಯ ಬಿಸಿ. ಎದೆ, ಕತ್ತು, ಮಂಡಿ ಬೆಚ್ಚಗಿದ್ದ ದಿನ ಅದೇ ಶೂ, ಅದೇ ಚೀಲ ಇಪ್ಪತ್ತು ನಿಮಿಷ ಹೆಚ್ಚು ನಡೆಸಿದವು. ಒಂದು ತೆಳು ಅಂಗಿ ಸೇರಿಸಿದ್ದಕ್ಕೆ ಬೆರಳು ಬೆಚ್ಚಗಾಯಿತು. ದೇಹಕ್ಕೆ ಹೆದರಿಕೆ ಇಲ್ಲದಾಗ ಅದು ಪಾದದ ರಕ್ತವನ್ನು ತಡೆಹಿಡಿಯುವುದಿಲ್ಲ. ಶೂಗಳನ್ನು ರಾತ್ರಿ ಹೊರಗೆ ಬಿಡದೆ ಒಳಗೇ ಇಟ್ಟು, ಬೆಚ್ಚನೆಯ ಪಾದವನ್ನು ಬೆಚ್ಚನೆಯ ಶೂಗೆ ಸೇರಿಸಿ ಹೊರಡುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಚುಚ್ಚಲು ಶುರುವಾದರೆ ನಾಚದೆ ಇಳಿದು ಸೈಕಲ್ ತಳ್ಳಿಕೊಂಡು ಮೂರು ನಾಲ್ಕು ನಿಮಿಷ ಚುರುಕಾಗಿ ನಡೆಯುತ್ತೇನೆ. ಯಾವ ಪೊಟ್ಟಣಕ್ಕಿಂತಲೂ ಬೇಗ ಕೆಲಸ ಮಾಡುವುದು ಇದು.

ಚುಚ್ಚುವುದು ನಿಂತು, ಬೆರಳು ಬಿಳಿಯಾಗಿ ಗಟ್ಟಿಯಾಗಿ ಮೇಣದಂತೆ ಕಂಡರೆ ಅದು ಹಿಮಕಡಿತದ ಲಕ್ಷಣ, ಹೋಲಿಕೆಗಳ ಮಾತು ಅಲ್ಲಿಗೆ ಮುಗಿಯಿತು. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ, ಸುಡುನೀರಿಗೆ ಇಳಿಸಬೇಡಿ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗ ತಲುಪಿದ ಮೇಲೆ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ವೈದ್ಯರನ್ನು ಕಾಣಿ. ನೀರಿನ ಬಿಸಿಯನ್ನು ಮರಗಟ್ಟಿದ ಪಾದದಿಂದಲ್ಲ, ಮೊಣಕೈಯಿಂದ ನೋಡಿ.

ಈ ಚಳಿಗಾಲ ನಾನು ತೊಡುತ್ತಿರುವುದು ಹೀಗೆ. 8 ಡಿಗ್ರಿಯ ಮೇಲಿದ್ದರೆ ಬೇಸಿಗೆ ಶೂ, ತೆಳು ಮೆರಿನೊ, ಬೆರಳ ಮುಸುಕು. ಅಲ್ಲಿಂದ 1 ಡಿಗ್ರಿಯವರೆಗೆ ದೊಡ್ಡ ಅಳತೆಯ ಶೂ, ಫೆಲ್ಟ್ ಅಟ್ಟೆ, ಒಂದೇ ದಪ್ಪ ಉಣ್ಣೆ ಚೀಲ, ಪೂರ್ತಿ ಹೊದಿಕೆ. ಮಳೆಯಿದ್ದರೆ ಹೊದಿಕೆ ನಿಯೋಪ್ರೀನಿನದು. ಸೊನ್ನೆಯ ಕೆಳಗೆ ಚಪ್ಪಟೆ ಪೆಡಲು ಮತ್ತು ನಡಿಗೆ ಬೂಟು. ಕ್ಲೀಟಿನ ಬೂಟನ್ನು ಭಾನುವಾರದ ಉದ್ದನೆಯ ಸವಾರಿಗೆ ಉಳಿಸಿಕೊಂಡಿದ್ದೇನೆ, ಮೈನಸ್ 3ರವರೆಗೆ. ಬ್ಯಾಟರಿ ಚೀಲ ಈಗ ನನಗಿಂತ ಬೇಗ ಕಾಲು ತಣ್ಣಗಾಗುವ ಗೆಳೆಯನ ಬಳಿ ಇದೆ; ಅವನು ಅದನ್ನು ಹಿಂದಿರುಗಿಸುವ ಸೂಚನೆ ಇಲ್ಲ, ನಾನೂ ಕೇಳುವುದಿಲ್ಲ.

ಮನೆಗೆ ಬಂದ ಕೂಡಲೇ ಒಳ ಅಟ್ಟೆ ಹೊರಗೆಳೆದು, ಶೂ ಒಳಗೆ ಹಳೆಯ ಪತ್ರಿಕೆ ಉಂಡೆ ಮಾಡಿ ತುರುಕುತ್ತೇನೆ, ಒಂದು ಗಂಟೆ ಬಿಟ್ಟು ಒದ್ದೆ ಕಾಗದ ತೆಗೆದು ಒಣ ಕಾಗದ ತುಂಬುತ್ತೇನೆ. ಒಲೆಯ ಪಕ್ಕ ಇಡುವುದಿಲ್ಲ, ಅಂಟು ಬಿಡುತ್ತದೆ. ಬೆಳಿಗ್ಗೆ ಕೈ ಒಳಗೆ ಹಾಕಿ ಮೂಲೆಯವರೆಗೆ ಮುಟ್ಟಿ ನೋಡುತ್ತೇನೆ. ಬೆರಳಿನ ತುದಿಯಲ್ಲಿ ಇನ್ನೂ ತೇವ ಇದ್ದರೆ ಅಂದು ಬೇರೆ ಜೋಡಿ.